‘ಸೆಟ್’ ಶಬ್ದದ ಅರ್ಥಬಾಹುಳ್ಯ

ಶಬ್ದವೊಂದಕ್ಕೆ ಅರ್ಥಗಳು ಹಲವಿದ್ದಾಗ ವಿವಕ್ಷಿತಾರ್ಥವನ್ನು ನಿರ್ಣಯಿಸುವ ಹೇತುಗಳನ್ನು ಭರ್ತೃಹರಿಯು ವಾಕ್ಯಪದೀಯದಲ್ಲಿ ಪರಿಗಣಿಸಿದ್ದಾನೆ. ‘ಸೈಂಧವವನ್ನು ತಾ’ ಎಂದರೆ ಊಟದ ಹೊತ್ತಿನಲ್ಲಿ ಉಪ್ಪೂ ಪಯಣದ ಹೊತ್ತಿನಲ್ಲಿ ಕುದುರೆಯೂ ಬರುವುದು ಪ್ರಕರಣಬಲದಿಂದ. ಈ ನ್ಯಾಯವನ್ನು ಇಂಗ್ಲಿಷಿನ ‘ಸೆಟ್’ ಶಬ್ದಕ್ಕೆ ಅನ್ವಯಿಸಿ ನೋಡತಕ್ಕದ್ದಾಗಿದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯು (1989) ಇದರ ಕ್ರಿಯಾರೂಪಕ್ಕೆ ಸುಮಾರು 430 ಅರ್ಥಗಳನ್ನು ಕೊಟ್ಟಿದೆ. ಆ ಆವೃತ್ತಿಯಲ್ಲಿ ಇದಕ್ಕಿಂತ ದೀರ್ಘವಾದ ವಿವರಣೆ ಮತ್ತಾವ ಶಬ್ದಕ್ಕೂ ಇಲ್ಲ.

ಈ ಬಾಹುಳ್ಯವೆಲ್ಲವೂ ಕನ್ನಡಕ್ಕೆ ಬಂದಿತೆ? ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ರೈತನು ‘ಪಂಪ್‌ಸೆಟ್ಟು’ ಎನ್ನುವಾಗ ಅದು ಮೋಟಾರೂ ಪಂಪೂ ಕೂಡಿದ ಜೋಡಣೆ. ಅಲ್ಲಿನ ಹೋಟಲುಗಳ ‘ಸೆಟ್ ದೋಸೆ’ ಒಟ್ಟಿಗೆ ಬಡಿಸಿದ ಕೆಲವು ದೋಸೆಗಳು. ಎರಡೆಡೆಯೂ ಇರುವುದು ಸಮೂಹಾರ್ಥವೊಂದೇ. ಕ್ರಿಯಾರ್ಥವು ಬೇಕಾದಾಗ ಕನ್ನಡವು ‘ಸೆಟ್ ಮಾಡು’, ‘ಸೆಟ್ಟಾಗು’ ಎಂದು ತನ್ನ ಧಾತುಗಳನ್ನೇ ಸೇರಿಸಿ, ಇಂಗ್ಲಿಷಿನಲ್ಲಿ ರೂಪಭೇದವಿಲ್ಲದ ಸಕರ್ಮಕ ಅಕರ್ಮಕಗಳನ್ನು ಬೇರ್ಪಡಿಸಿಕೊಂಡಿತು. ಉಳಿದೆಡೆಗಳಲ್ಲಿ ಎರವಲೇ ಬೇಕಾಗಲಿಲ್ಲ. ಹೊತ್ತು ಮುಳುಗುತ್ತದೆ, ಹಾಲು ಹೆಪ್ಪುಗಟ್ಟಿ ಮೊಸರಾಗುತ್ತದೆ, ಅಕ್ಕಸಾಲಿಗನು ಹರಳನ್ನು ಕೂರಿಸುತ್ತಾನೆ, ಬೇಡನು ಬಲೆಯೊಡ್ಡುತ್ತಾನೆ. ಇಂಗ್ಲಿಷು ಒಂದೇ ಶಬ್ದದಿಂದ ಹೇಳುವ ಈ ನಾಲ್ಕು ವ್ಯಾಪಾರಗಳಿಗೆ ಕನ್ನಡದಲ್ಲಿ ನಾಲ್ಕು ಕ್ರಿಯಾಪದಗಳುಂಟು.

ಇದನ್ನರಿಯದೆ ನಡೆದರೆ ಎರಡು ವಿಧದ ದೋಷಗಳು ಪ್ರಾಪ್ತವಾಗುತ್ತವೆ. ಗಣಿತಶಾಸ್ತ್ರದಲ್ಲಿ ‘ಸೆಟ್’ ಎಂಬುದಕ್ಕೆ ‘ಗಣ’ವೆಂಬ ಪರಿಭಾಷೆ ಸಾಧುವೇ ಸರಿ. ಆದರೆ ಭಾಷಾಶುದ್ಧಿಯ ಹೆಸರಿನಲ್ಲಿ ಅದನ್ನೇ ಎಲ್ಲೆಡೆ ತುಂಬಿದರೆ ‘ಪಂಪ್‌ಗಣ’, ‘ಗಣದೋಸೆ’ಗಳು ಹುಟ್ಟಿ ಪಂಡಿತರು ನಗೆಗೀಡಾಗುವರು. ಭಾಷಾಂತರಕಾರನು ಮೂಲದಲ್ಲಿ ‘ಸೆಟ್’ ಕಂಡಲ್ಲೆಲ್ಲ ‘ಸೆಟ್ ಮಾಡು’ ಎಂದು ಬರೆಯುವುದು ಎರಡನೆಯ ದೋಷ, ಇದೇ ಗುರುತರವಾದುದು. ಮೊದಲನೆಯದರಿಂದ ಹುಟ್ಟಿದ ಕೃತಕಶಬ್ದಗಳು ತಾವಾಗಿಯೇ ಬಿದ್ದುಹೋಗುತ್ತವೆ. ಎರಡನೆಯದರಿಂದ ಒಡ್ಡು, ಕೂರಿಸು, ಹೆಪ್ಪುಗಟ್ಟು ಮೊದಲಾದವು ಬಳಕೆ ತಪ್ಪುತ್ತವೆ. ಬಳಕೆ ತಪ್ಪಿದ ಶಬ್ದವನ್ನು ನಿಘಂಟು ಉಳಿಸಬಹುದು, ನಾಲಗೆಗೆ ಮರಳಿಸಲಾರದು.

ಗಂಜಾಮಿನ ಮನೆತನದ ಜಿ. ವೆಂಕಟಸುಬ್ಬಯ್ಯನವರು (1913–2021) ಎರವಲು ಶಬ್ದಗಳಿಗೆಂದೇ ‘ಎರವಲು ಪದಕೋಶ’ವನ್ನು ರಚಿಸಿದರು. ಅನ್ಯದೇಶ್ಯವಾದರೂ ಜನರ ಬಾಯಲ್ಲಿ ನೆಲೆಗೊಂಡ ಶಬ್ದವು ನಿಘಂಟುಕಾರನಿಗೆ ಉಪೇಕ್ಷಣೀಯವಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. ‘ಸೆಟ್’ ಶಬ್ದವನ್ನು ಪಾಠ ಹೇಳುವ ಅಧ್ಯಾಪಕರು ಇಂಗ್ಲಿಷಿನಲ್ಲಿ ಅದಕ್ಕಿರುವ ಅರ್ಥಗಳನ್ನು ಎಣಿಸಿ ನಿಲ್ಲದೆ, ಕನ್ನಡವು ಅವುಗಳಲ್ಲಿ ಯಾವುದನ್ನು ಕೊಂಡಿತು, ಯಾವುದಕ್ಕೆ ತನ್ನದನ್ನೇ ಇಟ್ಟುಕೊಂಡಿತೆಂಬುದನ್ನು ವಿದ್ಯಾರ್ಥಿಗಳಿಗೆ ವಿಂಗಡಿಸಿ ತೋರಿಸುವುದು ಯುಕ್ತ.