ಹಿಟ್ಟಿನ ಕೋಳಿಯೂ ಬೆಳಕಿನ ಬಾತುಕೋಳಿಯೂ

ಜಪಾನಿನ ನಿಂಟೆಂಡೊ ಸಂಸ್ಥೆಯು 1984ರಲ್ಲಿ ಹೊರತಂದ ‘ಡಕ್ ಹಂಟ್’ ಎಂಬ ವಿಡಿಯೋ ಆಟದಲ್ಲಿ ಕಥೆಯೆಂಬುದು ಇಲ್ಲವೆಂದೇ ಹೇಳಬೇಕು. ಹುಲ್ಲಿನ ಮರೆಯಿಂದ ಬಾತುಕೋಳಿಯೊಂದು ಮೇಲೇಳುತ್ತದೆ. ಆಡುವವನು ದೂರದರ್ಶನದ ಪರದೆಯತ್ತ ಪ್ಲಾಸ್ಟಿಕ್ ಬಂದೂಕನ್ನು ಗುರಿಯಿಟ್ಟು ಕುದುರೆಯೊತ್ತುತ್ತಾನೆ. ಮೂರು ಗುಂಡುಗಳೊಳಗೆ ತಾಗಿದರೆ ಹಕ್ಕಿ ಬೀಳುತ್ತದೆ, ಇಲ್ಲವಾದರೆ ಹಾರಿಹೋಗುತ್ತದೆ. ಹತ್ತು ಹಕ್ಕಿಗಳಿಗೆ ಒಂದು ಸುತ್ತು. ಇಷ್ಟು ಅಲ್ಪ ಸಾಮಗ್ರಿಯ ಆಟವು 1985ರಲ್ಲಿ ಅಮೆರಿಕದ ಮನೆಗಳನ್ನು ಹೊಕ್ಕು, ಮುಂದೆ ‘ಸೂಪರ್ ಮಾರಿಯೋ ಬ್ರದರ್ಸ್’ ಜೊತೆಗೆ ಒಂದೇ ಕಾರ್ಟ್ರಿಜ್‌ನಲ್ಲಿ ಅಡಕವಾಗಿ ಬಂದು, ನಾಲ್ಕು ದಶಕಗಳ ಬಳಿಕವೂ ಸ್ಮರಣೆಯಲ್ಲಿ ಉಳಿದಿದೆ. ಮಾರಿಯೋನ ಸಹವಾಸದಿಂದ ಹರಡಿತೆನ್ನಬಹುದು. ಆದರೆ ಹರಡಿದ್ದೆಲ್ಲವೂ ಉಳಿಯುವುದಿಲ್ಲ.

ಆಟದ ಯಂತ್ರರಹಸ್ಯ ವಿಚಾರಾರ್ಹವಾದುದು. ‘ಝ್ಯಾಪರ್’ ಎಂಬ ಈ ಬಂದೂಕಿನಿಂದ ಏನೂ ಹೊರಡುವುದಿಲ್ಲ. ಅದರ ನಳಿಗೆಯೊಳಗಿರುವುದು ಬೆಳಕನ್ನು ಗ್ರಹಿಸುವ ಸಾಧನ. ಅದು ಆಯುಧವೆನ್ನುವುದಕ್ಕಿಂತ ಕಣ್ಣು. ಕುದುರೆಯೊತ್ತಿದೊಡನೆ ಪರದೆಯೆಲ್ಲ ಕ್ಷಣಾಂಶ ಕಾಲ ಕಪ್ಪಾಗಿ, ಹಕ್ಕಿಯಿದ್ದ ಎಡೆಯಲ್ಲಿ ಬಿಳಿಯ ಚೌಕವೊಂದು ಮೂಡಿ ಮರೆಯಾಗುತ್ತದೆ. ಆ ಬಿಳುಪು ಕಣ್ಣಿಗೆ ಬಿದ್ದರೆ ಗುರಿ ತಾಗಿತೆಂದು ಲೆಕ್ಕ. ಹಳೆಯ ಗಾಜಿನ ಕೊಳವೆಯ ಟಿ.ವಿ.ಗೆಂದೇ ರೂಪುಗೊಂಡ ಈ ಏರ್ಪಾಡು ಇಂದಿನ ಚಪ್ಪಟೆ ಪರದೆಗಳ ಮುಂದೆ ನಡೆಯದು. ಅಂತೂ ‘ಕೊಲ್ಲುವ’ ಆ ಕ್ಷಣದಲ್ಲಿ ಪರದೆಯ ಮೇಲೆ ಹಕ್ಕಿಯೇ ಇರುವುದಿಲ್ಲ!

ಜನ್ನನ ‘ಯಶೋಧರ ಚರಿತೆ’ಯನ್ನು ಬಲ್ಲ ಓದುಗರಿಗೆ ಇಲ್ಲಿ ಹಿಟ್ಟಿನ ಕೋಳಿ ನೆನಪಾಗದಿರದು. ಅಲ್ಲಿಯೂ ಪ್ರಾಣಿಯಿರಲಿಲ್ಲ, ಪ್ರಾಣಿಯ ಆಕಾರವಿತ್ತು. ಆದರೂ ಸಂಕಲ್ಪದ ಫಲ ತಾಯಿಮಗನನ್ನು ಭವಭವಗಳಲ್ಲಿ ಬಿಡದೆ ಬೆನ್ನಟ್ಟಿತು. ಹಾಗೆಂದು ಬೆಳಕಿನ ಬಾತುಕೋಳಿಯನ್ನು ಹಿಟ್ಟಿನ ಕೋಳಿಯೊಡನೆ ಸಮವೆಂದು ತೂಗುವುದು ಅವಸರದ ಮಾತಾದೀತು. ಯಶೋಧರನು ಕೋಳಿಗೆ ಬದಲಾಗಿ, ಬಲಿಯೆಂದೇ ತಿಳಿದು ಕತ್ತಿಯೆತ್ತಿದನು. ಆಡುವ ಬಾಲಕನ ಮನಸ್ಸು ನೆಟ್ಟಿರುವುದು ಹಕ್ಕಿಯ ಸಾವಿನಲ್ಲಲ್ಲ, ತನ್ನ ಗುರಿಯ ನೇರದಲ್ಲಿ. ಹಕ್ಕಿಯ ಮೇಲೆ ಅವನಿಗೆ ಹಗೆಯಿಲ್ಲ. ಹಗೆಯಿಲ್ಲವೆಂದ ಮಾತ್ರಕ್ಕೆ ಪ್ರಮಾದವೂ ಇಲ್ಲವೆನ್ನಲಾಗದು, ನಿಜ.

ಆದರೆ ಈ ಆಟದಲ್ಲಿ ಹಗೆ ಹುಟ್ಟುವ ಸ್ಥಳ ಬೇರೆ. ಹಕ್ಕಿಗಳು ತಪ್ಪಿಸಿಕೊಂಡಾಗ ಹುಲ್ಲಿನಿಂದ ಬೇಟೆನಾಯಿಯೊಂದು ತಲೆಯೆತ್ತಿ, ಬಾಯಿಗೆ ಪಂಜವಿಟ್ಟು ಕಿಸಕ್ಕನೆ ನಗುತ್ತದೆ. ಈ ನಗೆಯೇ ಆಟದ ನಿಜವಾದ ಸೃಷ್ಟಿ. ಸೋಲಿಗಿಂತ ಅಪಹಾಸ್ಯ ಹೆಚ್ಚು ಚುಚ್ಚುವುದೆಂಬುದನ್ನು ರಚಿಸಿದವರು ಚೆನ್ನಾಗಿ ಅರಿತಿದ್ದರು. ಮಾನಕಷಾಯ ಕೆರಳಿ, ಕ್ರೋಧವಾಗಿ, ಬಂದೂಕು ನಾಯಿಯತ್ತ ತಿರುಗುತ್ತದೆ. ಮನೆಯ ಆವೃತ್ತಿಯಲ್ಲಿ ಎಷ್ಟು ಹೊಡೆದರೂ ನಾಯಿಗೆ ತಾಗದು. ಅದು ನಗುತ್ತಲೇ ಇರುತ್ತದೆ. ನಾಣ್ಯ ಹಾಕಿ ಆಡುವ ಅಂಗಡಿಯ ಆವೃತ್ತಿಯ ವಿಶೇಷ ಸುತ್ತಿನಲ್ಲಿ ಮಾತ್ರ ಗುಂಡು ನಾಯಿಗೂ ತಾಗುತ್ತದೆ. ಇಲ್ಲಿ ವಿಮರ್ಶಕರು ನಿಂತು ನೋಡಬೇಕು. ಬೇಟೆಯ ಆಟವೊಂದರಲ್ಲಿ ಮನಸಾರೆ ಕೊಲ್ಲಬಯಸಿದ ಏಕೈಕ ಜೀವಿ ಬೇಟೆಯಲ್ಲ, ಜೊತೆಗಾರ.

ಇದೇ ಕಾರ್ಟ್ರಿಜ್‌ನಲ್ಲಿ ಮೂರನೆಯ ಆಟವೊಂದುಂಟು. ಅದರಲ್ಲಿ ಹಕ್ಕಿಯಿಲ್ಲ, ನಾಯಿಯಿಲ್ಲ. ದೂರಕ್ಕೆ ಚಿಮ್ಮಿ ಕಿರಿದಾಗುತ್ತ ಹೋಗುವ ಮಣ್ಣಿನ ಬಿಲ್ಲೆಗಳನ್ನು ಒಡೆಯಬೇಕು. ಬಂದೂಕು ಅದೇ, ಕೌಶಲವೂ ಅದೇ, ಏಕಾಗ್ರತೆ ತುಸು ಹೆಚ್ಚೇ ಬೇಕು. ಆದರೂ ‘ಡಕ್ ಹಂಟ್’ ಎಂದೊಡನೆ ಬಿಲ್ಲೆಯನ್ನು ನೆನೆಯುವವರು ವಿರಳ. ನಾಯಿಯ ನಗೆಯನ್ನು ಮರೆತವರು ಇನ್ನೂ ವಿರಳ.