ಹೇಳಬಾರದೆಂದ ಕಾನೂನು, ಕಾಣಿಸದ ಸಾಕ್ಷಿ

ಅಮೆರಿಕದ ಸೇನೆಯಲ್ಲಿ 1994ರಿಂದ 2011ರವರೆಗೆ ಜಾರಿಯಲ್ಲಿದ್ದ ಒಂದು ಕಾನೂನನ್ನು ಜನ ‘ಕೇಳಬೇಡಿ, ಹೇಳಬೇಡಿ’ ಎಂದೇ ಕರೆಯುತ್ತಿದ್ದರು. ಭರ್ತಿಗೆ ಬಂದವರನ್ನು ಸಲಿಂಗಿಯೇ ಎಂದು ಅಧಿಕಾರಿಗಳು ಕೇಳುವಂತಿರಲಿಲ್ಲ. ಭರ್ತಿಯಾದವರು ಹೌದೆಂದು ಬಾಯಿಬಿಡುವಂತಿರಲಿಲ್ಲ. ಬಾಯಿಬಿಟ್ಟರೆ ನೌಕರಿ ಹೋಯಿತು. ಹೀಗೆ ಹೊರಬಿದ್ದವರು 13,000ಕ್ಕೂ ಹೆಚ್ಚು. ಬಿಲ್ ಕ್ಲಿಂಟನ್ ನಿಷೇಧವನ್ನು ಪೂರ್ತಿ ತೆಗೆಯುವ ಮಾತು ಕೊಟ್ಟು ಅಧ್ಯಕ್ಷರಾದವರು. ಸೇನಾ ಮುಖ್ಯಸ್ಥರೂ ಸಂಸತ್ತೂ ಒಪ್ಪದಿದ್ದಾಗ 1993ರಲ್ಲಿ ಈ ರಾಜಿಗೆ ಇಳಿದರು. ಹಳೆಯ ನಿಷೇಧಕ್ಕಿಂತ ಇದು ಮೃದು ಎಂದು ಸಮಾಧಾನಪಟ್ಟವರಿದ್ದರು. ನನ್ನ ದೃಷ್ಟಿಯಲ್ಲಿ ಕಾನೂನಿನ ದೊಡ್ಡ ಕೇಡು ಈ ಮೃದುತ್ವದಲ್ಲೇ ಇತ್ತು. ತನ್ನ ಆಧಾರ ಸುಳ್ಳೆಂದು ತೋರಿಸಬಲ್ಲ ಸಾಕ್ಷಿಗಳ ಬಾಯನ್ನೇ ಅದು ಮುಚ್ಚಿಸಿತ್ತು.

ಆ ಆಧಾರ ಯಾವುದೆಂದರೆ ತುಕಡಿಯ ಒಗ್ಗಟ್ಟು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪಕ್ಕದವನ ಮೇಲೆ ಭರವಸೆಯಿಲ್ಲದೆ ಯಾವ ಸೈನಿಕನೂ ಗುಂಡಿನ ಮಳೆಯಲ್ಲಿ ಮುಂದೆ ಹೆಜ್ಜೆ ಇಡುವುದಿಲ್ಲ. ಈ ನೀತಿಗೆ ರೂಪ ಕೊಟ್ಟವರಲ್ಲಿ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಮಾಸ್ಕೋಸ್ ಪ್ರಮುಖರು. ಸೆನೆಟರ್ ಸ್ಯಾಮ್ ನನ್ 1993ರಲ್ಲಿ ನೌಕಾಪಡೆಯ ಜಲಾಂತರ್ಗಾಮಿಯೊಳಗೆ ಹೋದರು. ರೈಲಿನ ಬರ್ತ್‌ಗಳಂತೆ ಒಂದರ ಮೇಲೊಂದು ಜೋಡಿಸಿದ ಇಕ್ಕಟ್ಟಿನ ಹಾಸಿಗೆಗಳ ನಡುವೆ ಬಗ್ಗಿ ನಿಂತು ನಾವಿಕರನ್ನು ಮಾತಾಡಿಸಿದರು. ಆ ಚಿತ್ರ ಪತ್ರಿಕೆಗಳಲ್ಲಿ ಬಂತು. ಇಷ್ಟು ಒತ್ತಾಗಿ ಮಲಗುವ ಕಡೆ ಸಲಿಂಗಿಯೊಬ್ಬ ಇದ್ದರೆ ಹೇಗೆ ಎಂಬ ಪ್ರಶ್ನೆಯನ್ನು ಬಾಯಲ್ಲಿ ಕೇಳುವ ಅಗತ್ಯವೇ ಉಳಿಯಲಿಲ್ಲ. ಆದರೆ ಆ ಹಾಸಿಗೆಗಳಲ್ಲಿ ಅದಾಗಲೇ ಸಲಿಂಗಿಗಳು ಮಲಗಿ ಏಳುತ್ತಿರಬಹುದು, ಹಡಗು ಆರಾಮವಾಗಿ ಸಾಗುತ್ತಿರಬಹುದು ಎಂಬುದನ್ನು ಚಿತ್ರ ತೋರಿಸಲಾರದು. ಅಲ್ಲಿದ್ದ ಸಲಿಂಗಿ ನಾವಿಕ ಎದ್ದು ‘ನಾನಿದ್ದೇನೆ, ಇಷ್ಟು ವರ್ಷ ಏನೂ ಆಗಿಲ್ಲ’ ಎಂದಿದ್ದರೆ ಅವನ ವೃತ್ತಿ ಅಲ್ಲಿಗೇ ಮುಗಿಯುತ್ತಿತ್ತು.

ಈ ಗಂಟು ಬಿಚ್ಚಿದ್ದು 2010ರಲ್ಲಿ. ರಕ್ಷಣಾ ಇಲಾಖೆ ತನ್ನದೇ ಸೈನಿಕರಿಗೆ ಪ್ರಶ್ನೆಪತ್ರ ಕಳಿಸಿತು. ಸುಮಾರು 1,15,000 ಮಂದಿ ಉತ್ತರಿಸಿದರು. ಮುಂದೆ ಏನಾದೀತು ಎಂದು ಕೇಳಿದಾಗ ಕಾಲಾಳು ಪಡೆಗಳಲ್ಲಿ, ಅದರಲ್ಲೂ ಮರೀನ್ ದಳದ ಯುದ್ಧ ತುಕಡಿಗಳಲ್ಲಿ, ಕೆಡುಕಾಗುತ್ತದೆ ಎಂದವರೇ ಹೆಚ್ಚು. ಹಿಂದೆ ಏನಾಗಿತ್ತು ಎಂಬ ಪ್ರಶ್ನೆಗೆ ಬಂದ ಉತ್ತರವೇ ಬೇರೆ. ಸಲಿಂಗಿ ಎಂದು ತಾವು ನಂಬಿದ ಸಹೋದ್ಯೋಗಿಯ ಜೊತೆ ದುಡಿದವರಲ್ಲಿ 92 ಪ್ರತಿಶತ ಜನ, ತಮ್ಮ ತುಕಡಿ ಕೂಡಿ ಕೆಲಸ ಮಾಡಿದ್ದು ಚೆನ್ನಾಗಿಯೇ ಇತ್ತು, ಇಲ್ಲವೇ ಕೆಟ್ಟದ್ದೂ ಅಲ್ಲ ಒಳ್ಳೆಯದೂ ಅಲ್ಲ ಎಂದರು. ಮರೀನ್ ಯುದ್ಧ ತುಕಡಿಗಳಲ್ಲಿ ಕೂಡ ಹೀಗೆಂದವರು 84 ಪ್ರತಿಶತ. ಭಯ ಇದ್ದದ್ದು ಊಹೆಯಲ್ಲಿ. ಅನುಭವ ಬೇರೆಯದನ್ನೇ ಹೇಳುತ್ತಿತ್ತು. ಜೊತೆಗಾರನನ್ನು ಬಲ್ಲವರ ಭಯ ಕರಗಿತ್ತು, ಮತ್ತು ಕಾನೂನು ತಡೆದದ್ದು ಆ ಅರಿವನ್ನೇ.

ಸರ್ಕಾರ ತನ್ನ ಮಾತನ್ನು ತಾನೇ ಪೂರ್ತಿ ನಂಬಿರಲಿಲ್ಲ ಎಂಬುದಕ್ಕೂ ಲೆಕ್ಕವಿದೆ. ಸಲಿಂಗಿಗಳಿಂದ ಒಗ್ಗಟ್ಟು ಒಡೆಯುವುದೇ ನಿಜವಾಗಿದ್ದರೆ ಯುದ್ಧ ಬಂದಾಗ ಅವರನ್ನು ಮೊದಲು ಹೊರಹಾಕಬೇಕಿತ್ತು. ನಡೆದದ್ದು ತದ್ವಿರುದ್ಧ. 2001ರಲ್ಲಿ 1,200ಕ್ಕೂ ಹೆಚ್ಚು ಜನರನ್ನು ಕಳಿಸಿದ ಸೇನೆ, ಅಫ್ಘಾನಿಸ್ತಾನ ಮತ್ತು ಇರಾಕ್‌ಗಳಲ್ಲಿ ಒಟ್ಟಿಗೇ ಕಾದಾಡುತ್ತಿದ್ದ 2004ರಲ್ಲಿ ಕಳಿಸಿದ್ದು 700ಕ್ಕಿಂತ ಕಡಿಮೆ. ಈ ಕಾನೂನಿನಡಿ ಅದುವರೆಗೆ ಹೋದವರಲ್ಲಿ ಅರಬಿ, ಫಾರ್ಸಿ, ಕೊರಿಯನ್‌ನಂಥ ಭಾಷೆ ಬಲ್ಲವರು 322 ಮಂದಿ ಇದ್ದರೆಂದು ಸಂಸತ್ತಿನ ಲೆಕ್ಕಪರಿಶೋಧಕರು 2005ರಲ್ಲಿ ವರದಿ ಮಾಡಿದರು. ಉಳಿದುಕೊಂಡವರ ಬಾಳು ಹೇಗಿತ್ತು? ಮನೆಗೆ ಬರೆಯುವ ಕಾಗದದಲ್ಲಿ ‘ಅವನು’ ಎಂಬಲ್ಲಿ ‘ಅವಳು’ ಎಂದು ತಿದ್ದಬೇಕು. ರಜೆಯಲ್ಲಿ ಯಾರ ಜೊತೆಗಿದ್ದೆ ಎಂದು ಗೆಳೆಯ ಕೇಳಿದರೆ ಕತೆ ಕಟ್ಟಬೇಕು. ಸತ್ತರೆ, ಜೊತೆಗೆ ಬಾಳಿದ ವ್ಯಕ್ತಿಯ ಬಾಗಿಲಿಗೆ ಸುದ್ದಿ ತರುವವರಿಲ್ಲ. ಒಂದೇ ಕಂದಕದಲ್ಲಿ ಕೂತವರು ಹೀಗೆ ದಿನವೂ ಒಬ್ಬರಿಗೊಬ್ಬರು ಸುಳ್ಳಾಡಬೇಕಾದ ಏರ್ಪಾಟನ್ನು ಒಗ್ಗಟ್ಟಿನ ರಕ್ಷಣೆ ಎಂದು ಒಪ್ಪಲು ನನ್ನಿಂದಾಗದು. ಸೇನಾ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷ ಅಡ್ಮಿರಲ್ ಮೈಕ್ ಮಲನ್ 2010ರ ಫೆಬ್ರವರಿಯಲ್ಲಿ ಸೆನೆಟ್ ಸಮಿತಿಯ ಮುಂದೆ ತಮ್ಮನ್ನು ಕಾಡಿದ್ದು ಇದೇ ಎಂದರು.

ಒಗ್ಗಟ್ಟು ಒಡೆಯುತ್ತದೆ ಎಂಬ ಇದೇ ವಾದ ಹಿಂದೆ ಕಪ್ಪು ಸೈನಿಕರ ವಿಷಯದಲ್ಲೂ ನಡೆದಿತ್ತು. ಅಧ್ಯಕ್ಷ ಟ್ರೂಮನ್ 1948ರಲ್ಲಿ ಅದನ್ನು ಬದಿಗೊತ್ತಿದರು. ಈ ಹೋಲಿಕೆಯನ್ನು ಬಲವಾಗಿ ಅಲ್ಲಗಳೆದವರು ಸ್ವತಃ ಕಪ್ಪು ಜನರಲ್ ಆಗಿದ್ದ ಕಾಲಿನ್ ಪವೆಲ್. ಮೈಬಣ್ಣ ಬೇರೆ, ನಡತೆ ಬೇರೆ ಎಂಬುದು ಅವರ ನಿಲುವು. ಆಕ್ಷೇಪ ನ್ಯಾಯವಾದದ್ದೇ: ಸೇನೆಗೆ ನಡತೆಯನ್ನು ಕಟ್ಟಿಹಾಕುವ ಹಕ್ಕಿದೆ. ಆದರೆ ಈ ಕಾನೂನಿನಡಿ ‘ನಾನು ಸಲಿಂಗಿ’ ಎಂಬ ಒಂದು ವಾಕ್ಯವೇ ಸಾಕಿತ್ತು. ಅನುಚಿತ ನಡತೆ ನಡೆದಿದೆಯೆಂದು ಯಾರೂ ತೋರಿಸಬೇಕಿರಲಿಲ್ಲ. ಪವೆಲ್ ಕೂಡ 2010ರಲ್ಲಿ ಮನಸ್ಸು ಬದಲಿಸಿ ರದ್ದತಿಯನ್ನು ಬೆಂಬಲಿಸಿದರು. ರದ್ದಾದರೆ ಸ್ವಯಂಸೇವಕರ ಸೇನೆಯೇ ಮುರಿದುಬೀಳುತ್ತದೆ ಎಂದು ಸಾವಿರಕ್ಕೂ ಹೆಚ್ಚು ನಿವೃತ್ತ ಜನರಲ್‌ಗಳು, ಅಡ್ಮಿರಲ್‌ಗಳು 2009ರಲ್ಲಿ ಸಹಿ ಹಾಕಿದ್ದರು. 2011ರ ಸೆಪ್ಟೆಂಬರ್ 20ರಂದು ಕಾನೂನು ಹೋಯಿತು, ಸೇನೆ ಮುರಿಯಲಿಲ್ಲ. ಬ್ರಿಟನ್ ಕೂಡ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಸೋತ ಮೇಲೆ 2000ದ ಜನವರಿಯಲ್ಲಿ ತನ್ನ ಸೇನೆಯಲ್ಲಿದ್ದ ಇಂಥದೇ ನಿಷೇಧ ತೆಗೆಯಿತು. 2023ರಲ್ಲಿ ಅಲ್ಲಿನ ಪ್ರಧಾನಿ ಹಳೆಯ ಸೈನಿಕರ ಕ್ಷಮೆ ಕೇಳಿದರು.

ಅದು ಪಶ್ಚಿಮದ ಮಾತು, ನಮ್ಮ ಸಮಾಜ ಬೇರೆ ಎನ್ನುವವರು ನಮ್ಮಲ್ಲಿದ್ದಾರೆ. ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ 377ನೇ ಕಲಮಿನ ವಿರುದ್ಧ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ತೀರ್ಪಿತ್ತ ನಾಲ್ಕೇ ತಿಂಗಳಿಗೆ ಭೂಸೇನೆಯ ಮುಖ್ಯಸ್ಥ ಜನರಲ್ ಬಿಪಿನ್ ರಾವತ್, ಸೇನೆ ಸಂಪ್ರದಾಯಸ್ಥ, ಇದಕ್ಕೆ ಅವಕಾಶವಿಲ್ಲ ಎಂದರು. ಸೇನಾ ಕಾಯ್ದೆಯ 46ನೇ ಕಲಮಿನಲ್ಲಿ ‘ಅಸಹಜ’ ನಡತೆಗೆ ಏಳು ವರ್ಷದವರೆಗೆ ಸೆರೆವಾಸವಿದೆ. ಸಮಾಜ ಬೇರೆ ಇರಬಹುದು. ಆದರೆ ನಮ್ಮ ಸೈನಿಕರು ಒಪ್ಪುವುದಿಲ್ಲ ಎಂಬುದೂ ಒಂದು ಊಹೆಯೇ. ಅದನ್ನು ಪರೀಕ್ಷಿಸಬೇಕಾದರೆ ಯಾರಾದರೂ ಮೊದಲು ಬಾಯಿಬಿಡಬೇಕು, ಬಾಯಿಬಿಟ್ಟವನ ಮುಂದೆ ಕೋರ್ಟ್ ಮಾರ್ಷಲ್‌ನ ಭಯವಿದೆ. ಸಿನಿಮಾದಲ್ಲೂ ಬಾಯಿಬಿಡುವಂತಿಲ್ಲ: ಸೇನೆ ಬಿಟ್ಟ ಮೇಲೆ ತಾನು ಸಲಿಂಗಿ ಎಂದು ಹೇಳಿಕೊಂಡ ಮೇಜರ್ ಒಬ್ಬರ ಬಾಳಿನಿಂದ ಪ್ರೇರಣೆ ಪಡೆದು ನಿರ್ದೇಶಕ ಒನಿರ್ ಸಿನಿಮಾವೊಂದಕ್ಕೆ ಚಿತ್ರಕಥೆ ಬರೆದರು. 2022ರ ಜನವರಿಯಲ್ಲಿ ರಕ್ಷಣಾ ಸಚಿವಾಲಯ ಅದಕ್ಕೆ ನಿರಾಕ್ಷೇಪಣಾ ಪತ್ರ ಕೊಡಲಿಲ್ಲ. ಕಾಶ್ಮೀರದಲ್ಲಿರುವ ಯೋಧನಿಗೂ ಅಲ್ಲಿನ ಹುಡುಗನಿಗೂ ಪ್ರೇಮವಾದಂತೆ ತೋರಿಸಿದರೆ ಸೇನೆಗೆ ಕೆಟ್ಟ ಹೆಸರು ಎಂಬುದು ಸಂಸತ್ತಿನಲ್ಲಿ ಸಿಕ್ಕ ಉತ್ತರ.