ಹಾಮಿದ್‌ಗೆ ಯಾರೂ ಹೇಳದ ಮಾತು

ಪ್ರೇಮಚಂದರ ‘ಈದ್ಗಾಹ್’ ಕಥೆಯನ್ನು ನೀವು ಓದಿಯೇ ಇರುತ್ತೀರಿ. ಮುಂಬೈ, ದೆಹಲಿಯಲ್ಲಿ ಬೆಳೆದ ನಮ್ಮ ಎಷ್ಟೋ ಮಕ್ಕಳಿಗೆ ಹಿಂದಿ ಪಾಠವಾಗಿಯೇ ಇದು ಪರಿಚಯ. 1933ರಲ್ಲಿ ಪ್ರಕಟವಾದ ಕಥೆ. ಮೂರೇ ಪೈಸೆ ಹಿಡಿದು ಈದ್ ಜಾತ್ರೆಗೆ ಹೋದ ಹಾಮಿದ್ ಆಟಿಕೆ, ಮಿಠಾಯಿ ಬಿಟ್ಟು ಒಂದು ಇಕ್ಕಳ ಕೊಳ್ಳುತ್ತಾನೆ. ತವೆಯಿಂದ ರೊಟ್ಟಿ ಎತ್ತುವಾಗ ಅಜ್ಜಿ ಅಮೀನಾಳ ಕೈ ಸುಡುತ್ತದಲ್ಲ, ಅದಕ್ಕೆ. ತ್ಯಾಗದ ಕಥೆ ಅಂತ ಮೇಷ್ಟ್ರು ಹೇಳಿಕೊಡ್ತಾರೆ, ಪರೀಕ್ಷೆಯಲ್ಲೂ ನಾವು ಅದನ್ನೇ ಬರೀತೇವೆ.

ಆದರೆ ಇದು ಸಾವಿನ ಕಥೆಯೂ ಹೌದು. ಹಾಮಿದ್‌ಗೆ ನಾಲ್ಕೈದು ವರ್ಷ. ಅಪ್ಪ ಕಾಲರಾದಿಂದ ತೀರಿಕೊಂಡಿದ್ದಾನೆ, ಅಮ್ಮ ದಿನೇ ದಿನೇ ಬಿಳಿಚಿಕೊಂಡು ಸತ್ತಿದ್ದಾಳೆ. ಹುಡುಗನಿಗೆ ತಿಳಿದಿರುವುದೇ ಬೇರೆ. ಅಬ್ಬಾ ದುಡಿಯಲು ಹೋಗಿದ್ದಾರೆ, ಅಮ್ಮಿ ಅಲ್ಲಾಹನ ಮನೆಯಿಂದ ಒಳ್ಳೊಳ್ಳೆ ಸಾಮಾನು ತರಲು ಹೋಗಿದ್ದಾರೆ. ಹಾಗಾಗಿ ಅವನು ಖುಷಿಯಾಗಿದ್ದಾನೆ.

ಈಗ ಕಥೆಯ ಕೊನೆಯ ಭಾಗ ನೋಡಿ. ಬೇರೆ ಮಕ್ಕಳು ತಂದ ಮಣ್ಣಿನ ಗೊಂಬೆಗಳು ಒಂದೊಂದಾಗಿ ಒಡೆಯುತ್ತವೆ. ನೂರೆಯ ವಕೀಲ ಬಿದ್ದು ಚೂರಾಗುತ್ತಾನೆ. ಜೋರಾಗಿ ಶೋಕಾಚರಣೆ ನಡೆದು, ಚೂರುಗಳು ತಿಪ್ಪೆ ಸೇರುತ್ತವೆ. ಸಿಪಾಯಿಯ ಮುರಿದ ಕಾಲನ್ನು ಮಹಮೂದ್ ಅತ್ತಿಯ ಹಾಲು ಹಚ್ಚಿ ಅಂಟಿಸಲು ನೋಡುತ್ತಾನೆ, ಅದು ಕೂಡುವುದಿಲ್ಲ. ಪುಟ್ಟ ಮಗುವಿಗೆ ಸಾವಿನ ಬಗ್ಗೆ ಮೊದಲು ತಿಳಿಯಬೇಕಾದದ್ದು ಇದೇ ಅಲ್ವಾ? ಹೋದದ್ದು ಮತ್ತೆ ಮೊದಲಿನಂತಾಗುವುದಿಲ್ಲ. ಗೊಂಬೆಯ ಸಾವನ್ನು ಮಕ್ಕಳು ಆಟದಲ್ಲೇ ಕಾಣುತ್ತಾರೆ. ತಾಯಿಯ ಸಾವನ್ನು ಮಾತ್ರ ದೊಡ್ಡವರು ಬಚ್ಚಿಡುತ್ತಾರೆ. ಅಮೀನಾ ಇಕ್ಕಳ ನೋಡಿ ಸೆರಗೊಡ್ಡಿ ದುಆ ಮಾಡುತ್ತಾ ಅಳುವಾಗ, ಹಾಮಿದ್‌ಗೆ ಆ ಕಣ್ಣೀರು ಅರ್ಥವಾಗುವುದಿಲ್ಲ. ಕಥೆ ಅಲ್ಲಿಗೇ ಮುಗಿಯುತ್ತದೆ.

ಅಮೀನಾಳನ್ನು ನಾನು ದೂರುವುದಿಲ್ಲ. ಹಬ್ಬದ ದಿನ ಮನೆಯಲ್ಲಿ ಕಾಳಿಲ್ಲದವಳು ಆಸೆಯನ್ನಷ್ಟೇ ಕೊಡಬಲ್ಲಳು. ಪ್ರೇಮಚಂದರೂ ಅವಳನ್ನು ದೂರುವುದಿಲ್ಲ, ಅದು ಅವರ ದೊಡ್ಡತನ. ನನ್ನ ತಕರಾರು ನಮ್ಮ ಓದಿನ ಮೇಲೆ. ಆ ಸುಳ್ಳನ್ನು ಮುಗ್ಧತೆ ಅಂತ ಮೆಚ್ಚಿಕೊಂಡು, ಮನೆಯಲ್ಲೂ ಅದನ್ನೇ ಹೇಳ್ತೇವೆ. ಊರಿಂದ ದೂರ ಇರುವ ನಮಗೆ ಅದು ಇನ್ನೂ ಸುಲಭ. ನನ್ನ ಅಪ್ಪ ತೀರಿಕೊಂಡಾಗ ಮಗಳನ್ನು ಮುಂಬೈಯಲ್ಲೇ ಪಕ್ಕದ ಮನೆಯಲ್ಲಿ ಬಿಟ್ಟು ಹೋಗಿದ್ದೆ. ‘ಅಜ್ಜ ಊರಲ್ಲೇ ಇದ್ದಾರೆ’ ಅಂದಿದ್ದೆ. ಮುಂದಿನ ರಜೆಯಲ್ಲಿ ಅವಳು ಖಾಲಿ ಮಂಚದ ಮುಂದೆ ನಿಂತು, ‘ಅಜ್ಜ ಎಲ್ಲಿ?’ ಅಂದಳು. ನನ್ನ ಬಳಿ ಉತ್ತರ ಇರಲಿಲ್ಲ.

ಅಲ್ಲಾಹನ ಕಡೆಗೆ ಮರಳಿದರು ಎಂಬ ನಮ್ಮ ನಂಬಿಕೆಗೂ, ಸಾಮಾನು ತರಲು ಹೋಗಿದ್ದಾರೆ ಎಂಬ ಮಾತಿಗೂ ಬಹಳ ಅಂತರವಿದೆ. ಮೊದಲನೆಯದರಲ್ಲಿ ವಾಪಸು ಬರುವ ಆಸೆ ಇಲ್ಲ. ಶವವನ್ನು ಮಣ್ಣಿಗೆ ಸೇರಿಸುವುದನ್ನು ಆದಮರ ಮಗ ಒಂದು ಕಾಗೆಯಿಂದ ಕಲಿತ ಎನ್ನುತ್ತದೆ ಕುರ್‌ಆನ್. ದೊಡ್ಡವರೇ ಹಕ್ಕಿಯಿಂದ ಕಲಿತದ್ದನ್ನು ಮಕ್ಕಳಿಗೆ ಹೇಳಲು ಯಾಕೆ ಹೆದರಬೇಕು?

ಈ ಸಲ ಮಗುವಿನ ಜೊತೆ ಕೂತು ‘ಈದ್ಗಾಹ್’ ಓದುವಾಗ, ವಕೀಲ ಒಡೆದ ಜಾಗದಲ್ಲಿ ಸ್ವಲ್ಪ ನಿಲ್ಲಿ. ‘ಇದು ಮತ್ತೆ ಮೊದಲಿನ ಹಾಗೆ ಆಗುತ್ತಾ?’ ಅಂತ ಕೇಳಿ. ಆಮೇಲೆ ಹಾಮಿದ್‌ನ ಅಮ್ಮಿಯ ವಿಷಯಕ್ಕೆ ಬನ್ನಿ. ಅವರ ಉಸಿರು ನಿಂತಿತು, ಅವರಿಗೆ ಇನ್ನು ಹಸಿವಿಲ್ಲ, ನೋವಿಲ್ಲ, ಅವರು ತಿರುಗಿ ಬರುವುದಿಲ್ಲ ಅಂತ ನೇರವಾಗಿ ಹೇಳಿ. ಮಗು ಅತ್ತರೆ ಅಳಲಿ. ಯಾಕೆ ಅಳ್ತಿದ್ದೇನೆ ಅಂತ ಅದಕ್ಕೆ ಗೊತ್ತಿರುತ್ತದೆ.